ಶಾಲು ಬೇಡ, ರಸೀದಿ ಕೊಡಿ

ಜಗಳೂರು ಕಡೆಯ ವರದಿಗಾರರೊಬ್ಬರು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ವಾಟ್ಸಾಪಿನಲ್ಲಿ ದುಡ್ಡು ಎತ್ತಿದಾಗ ನಾನೂ ಎರಡು ಸಾವಿರ ಹಾಕಿದೆ. ನೋಡಲು ಹೋದರೆ ಅವರು ದುಡ್ಡಿನ ಮಾತೇ ಎತ್ತಲಿಲ್ಲ. "ಸಾರ್, 13 ವರ್ಷದಿಂದ ಸುದ್ದಿ ಕಳಿಸ್ತಿದೀನಿ. ನಾನು ವರದಿಗಾರ ಅನ್ನೋಕೆ ಒಂದು ಕಾಗದ ಇಲ್ಲ" ಅಂದರು.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ತೆರಿಗೆ ಲೆಕ್ಕ ನೋಡುವವನು ನಾನು. ಕಾಗದ ಅಂದರೆ ಕಿವಿ ನೆಟ್ಟಗಾಗುತ್ತೆ.

ಕಷ್ಟಕ್ಕೆ ಸಿಕ್ಕ ಪತ್ರಕರ್ತರಿಗೆ ಕೇಂದ್ರ ಸರ್ಕಾರದ ಕಲ್ಯಾಣ ಯೋಜನೆ ಇದೆ. ಪತ್ರಕರ್ತರು ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷದವರೆಗೆ ಕೊಡುತ್ತಾರೆ, ಅಪಘಾತಕ್ಕೂ ನೆರವಿಗೆ ಅವಕಾಶ ಇದೆ. ಸರ್ಕಾರ ಪತ್ರಕರ್ತರಿಗೆ ಕೊಡುವ ಮಾನ್ಯತೆ ಕಾರ್ಡ್ ಇಲ್ಲದವರು 5 ವರ್ಷ ಸತತ ಕೆಲಸ ಮಾಡಿದ್ದಕ್ಕೆ ಪುರಾವೆ ತೋರಿಸಬೇಕು. ಜಗಳೂರಿನವರಿಗೆ ನೇಮಕಾತಿ ಪತ್ರ ಇಲ್ಲ, ಪಿಎಫ್ ಇಲ್ಲ, ಇಎಸ್ಐ ಇಲ್ಲ. ಹಳೇ ಪೇಪರ್ ಕಟಿಂಗ್ ತರಿಸಿದೆ. ಒಂದು ಚೀಲ ಬಂತು. ತೆಗೆದು ನೋಡಿದರೆ ಎಲ್ಲದರಲ್ಲೂ ಊರಿನ ಹೆಸರು, ತಾರೀಖು ಅಷ್ಟೇ. ಬೈಲೈನ್, ಅಂದರೆ ಬರೆದವರ ಹೆಸರು, ಇರುವುದು ನಾಲ್ಕೈದರಲ್ಲಿ ಮಾತ್ರ. ಕೊನೆಗೆ ಕೈ ಹಿಡಿದದ್ದು ಬ್ಯಾಂಕ್ ಪಾಸ್‌ಬುಕ್. ತಿಂಗಳು ತಿಂಗಳು ಪತ್ರಿಕೆಯಿಂದ ಬಂದ ಪುಡಿ ಗೌರವಧನಕ್ಕೆಲ್ಲ ಕೆಂಪು ಪೆನ್ನಲ್ಲಿ ಗೆರೆ ಎಳೆದೆ. ಒಂದು ತಿಂಗಳು 650 ರೂಪಾಯಿ. ನೋಡಿ ಸುಮ್ಮನೆ ಕೂತೆ.

ಒಬ್ಬರಿಗೆ ಚಂದಾ ಎತ್ತಿದರೆ ಮುಂದಿನವರಿಗೆ ಮತ್ತೆ ಎತ್ತಬೇಕು, ಅಲ್ವಾ? ವರ್ಷವಿಡೀ ಈ ಕೆಲಸ ಮಾಡುವ ಸಂಸ್ಥೆಗೇ ಕೊಡೋಣ ಅಂದುಕೊಂಡೆ. ಮೊದಲ ಸಲ ಮೋಸಹೋದೆ. ಜುಲೈ 1ರ ಪತ್ರಿಕಾ ದಿನಾಚರಣೆ ಹತ್ತಿರ ಬಂದಿತ್ತು. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಬಂದ ದಿನ ಅದು. 'ಕ್ಷೇಮನಿಧಿ' ಅಂತ ಒಂದು ಸಂಘದವರು ಹತ್ತು ಸಾವಿರ ಇಸಿದುಕೊಂಡರು. ನಿಧಿ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಹೋಯಿತು. ಒಂದು ಶಾಲು ನನ್ನ ಹೆಗಲಿಗೂ ಬಿತ್ತು! ರಸೀದಿ ಮಾತ್ರ ಇವತ್ತಿಗೂ ಬಂದಿಲ್ಲ.

ಆಮೇಲೆ ಕಕ್ಷಿದಾರರ ಕಾಗದ ನೋಡುವ ಹಾಗೇ ನೋಡಿದೆ. ಟ್ರಸ್ಟ್ ಡೀಡ್, 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ನೋಂದಣಿ, ಆಡಿಟ್ ವರದಿ ಕೇಳಿದೆ. ಅದಕ್ಕಿಂತ ಜಾಸ್ತಿ ಕೆದಕಿದ್ದು ಎರಡು ವಿಷಯ: ಹೋದ ವರ್ಷ ಎಷ್ಟು ಜನರಿಗೆ ಕೊಟ್ಟಿರಿ, ಯಾರಿಗೆ ಅಂತ ತೀರ್ಮಾನ ಮಾಡುವವರು ಯಾರು? ಟ್ರಸ್ಟಿಗಳಲ್ಲಿ ಗುತ್ತಿಗೆದಾರರು, ಚುನಾವಣೆಗೆ ನಿಲ್ಲುವವರು ಇದ್ದರೆ ನಾನು ಅಲ್ಲಿಂದ ಎದ್ದೆ. ಮೂರನೆಯ ಕಡೆ ಒಂದು ಚಿಕ್ಕ ಟ್ರಸ್ಟ್ ಸಿಕ್ಕಿತು. ತಾಲ್ಲೂಕು ವರದಿಗಾರರಿಗೆ ವಿಮೆ ಕಂತು ಕಟ್ಟುತ್ತಾರೆ, ಮಾಹಿತಿ ಹಕ್ಕು ಅರ್ಜಿ ಬರೆಯೋದು ಕಲಿಸುತ್ತಾರೆ. ಅದಕ್ಕೆ ವರ್ಷಕ್ಕೆ ಹತ್ತು ಸಾವಿರ ಕೊಡುತ್ತಿದ್ದೇನೆ. ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಶುರುಮಾಡಿದ 'ಪರಿ' ಜಾಲತಾಣ ಕನ್ನಡದಲ್ಲೂ ಹಳ್ಳಿ ಸುದ್ದಿ ಕೊಡುತ್ತೆ, ಅದಕ್ಕೂ ಒಂದಿಷ್ಟು.

80ಜಿ ಬಗ್ಗೆ ಒಂದು ಮಾತು. ಶೇ. 50 ಅಂದರೆ ಅರ್ಧ ದುಡ್ಡು ವಾಪಸ್ ಬರುತ್ತೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಹತ್ತು ಸಾವಿರಕ್ಕೆ ಐದು ಸಾವಿರ ಆದಾಯದಿಂದ ಕಳೆಯುತ್ತಾರೆ. ಶೇ. 20ರ ತೆರಿಗೆಯವರಿಗೆ ಉಳಿಯುವುದು ಸೆಸ್ ಸೇರಿ 1,040 ರೂಪಾಯಿ. ಹೊಸ ತೆರಿಗೆ ಪದ್ಧತಿಯವರಿಗೆ ಅದೂ ಇಲ್ಲ. ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೂ ಇಲ್ಲ. ಟ್ರಸ್ಟಿನವರು 10ಬಿಇ ಅನ್ನುವ ದೇಣಿಗೆ ಪ್ರಮಾಣಪತ್ರ ಕೊಡಬೇಕು, ಸುಮ್ನೆ ರಸೀದಿ ಸಾಲದು.

"ಇದಕ್ಕೆಲ್ಲ ಫಾರಿನ್ ದುಡ್ಡು ಬರುತ್ತಲ್ಲ, ನಾವ್ಯಾಕೆ?" ಅಂತ ಒಬ್ಬ ಸ್ನೇಹಿತರು ಕೇಳಿದರು. 2010ರ ವಿದೇಶಿ ದೇಣಿಗೆ ಕಾಯ್ದೆ ಪ್ರಕಾರ ಪತ್ರಿಕೆ, ಸಂಪಾದಕ, ವರದಿಗಾರ, ಅಂಕಣಕಾರ ಯಾರೂ ಹೊರಗಿನ ದೇಣಿಗೆ ಮುಟ್ಟುವಂತಿಲ್ಲ. ಅದನ್ನು ಹೇಳಿದ ಮೇಲೆ ಅವರೂ ಹತ್ತು ಸಾವಿರ ಕೊಟ್ಟರು. ವಾರದೊಳಗೆ ಅವರ ಹೊಸ ಅಂಗಡಿಯ ಕರಪತ್ರ ನನ್ನ ಮೇಜಿನ ಮೇಲಿತ್ತು: "ಸಣ್ಣದಾಗಿ ಒಂದು ಸುದ್ದಿ ಹಾಕ್ಸಿ." ಟ್ರಸ್ಟಿಗೆ ಫೋನ್ ಮಾಡಿ ಅವರ ದುಡ್ಡು ವಾಪಸ್ ಹಾಕಿಸಿದೆ. ಈಗ ಬೆಣ್ಣೆದೋಸೆ ಹೋಟೆಲಲ್ಲಿ ಸಿಕ್ಕರೆ ಬೇರೆ ಮೇಜಿಗೆ ಹೋಗುತ್ತಾರೆ.

ಜಗಳೂರಿನವರ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಕಾಲು ಸ್ವಲ್ಪ ಎಳೆಯುತ್ತೆ, ಆದರೂ ಬೈಕ್ ಹತ್ತಿದ್ದಾರೆ. ಹೋದ ವಾರ ನ್ಯಾಮತಿಯ ಒಬ್ಬರನ್ನು ಕರೆತಂದರು. "ಸಾರ್, ಇವರದೂ ಸ್ವಲ್ಪ ಪಾಸ್‌ಬುಕ್ ನೋಡಿ."