ಹಳೆಯ ವಿಮಾನವಾಹಕ ನೌಕೆಯನ್ನು ಒಡೆಯುವ ಕ್ರಮ

ಮೊದಲು ನೌಕೆಯನ್ನು ವಿಧಿವತ್ತಾಗಿ ಸೇವೆಯಿಂದ ಬಿಡುಗಡೆ ಮಾಡಬೇಕು. 2017ರ ಮಾರ್ಚ್ 6ರಂದು ಮುಂಬೈಯಲ್ಲಿ ಸೂರ್ಯಾಸ್ತದ ಹೊತ್ತಿಗೆ ಭಾರತೀಯ ನೌಕಾಪಡೆಯ ವಿಮಾನವಾಹಕ ನೌಕೆ ಐಎನ್‌ಎಸ್ ವಿರಾಟ್‌ನ ಧ್ವಜವನ್ನು ಕೆಳಗಿಳಿಸಿದ್ದು ಹೀಗೆಯೇ. ಅನಂತರ ಶಸ್ತ್ರಾಸ್ತ್ರ, ರೇಡಾರ್ ಮತ್ತು ಸಂಪರ್ಕ ಸಾಧನಗಳನ್ನು ಕಳಚಿಕೊಂಡು ಖಾಲಿ ಒಡಲನ್ನು ಹರಾಜಿಗಿಡಬೇಕು. ವಸ್ತುಸಂಗ್ರಹಾಲಯ ಮಾಡುವ ಇರಾದೆಯಿದ್ದರೆ ಅದನ್ನು ಈ ಹಂತಕ್ಕೆ ಮೊದಲೇ ತೀರ್ಮಾನಿಸುವುದು ಒಳಿತು. ವಿರಾಟ್ ವಿಷಯದಲ್ಲಿ 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡುವ ವೇಳೆಗೆ ಒಡೆಯುವ ಕೆಲಸ ಬಹಳ ಮುಂದುವರಿದಿತ್ತು.

ಸ್ವಂತ ಶಕ್ತಿಯಿಂದ ಚಲಿಸಲಾರದ ನೌಕೆಯನ್ನು ಹಡಗುಗಳನ್ನೆಳೆಯುವ ಸಣ್ಣ ದೋಣಿಯಾದ ಟಗ್‌ನಿಂದ ಎಳೆಸಿ ಗುಜರಾತಿನ ಅಲಂಗ್‌ಗೆ ತಂದು, ಉಬ್ಬರ ಅತಿ ಹೆಚ್ಚಿರುವ ದಿನ ನೋಡಿ ದಡಕ್ಕೆ ಹತ್ತಿಸಬೇಕು. ಅಲಂಗ್ ಇರುವ ಖಂಭಾತ್ ಕೊಲ್ಲಿಯಲ್ಲಿ ಉಬ್ಬರವಿಳಿತಗಳ ಅಂತರ ದೊಡ್ಡದು. ಹಡಗು ಒಡೆಯುವ ಉದ್ಯಮ ಅಲ್ಲಿ ಬೇರೂರಲು ಅದೂ ಒಂದು ಕಾರಣ.

ಕತ್ತರಿಸಲು ಆತುರಪಡಬಾರದು. ಟ್ಯಾಂಕುಗಳಲ್ಲಿ ಉಳಿದ ತೈಲವನ್ನು ಬಸಿದು, ಬಾಯ್ಲರ್ ಕೋಣೆಯ ಕೊಳವೆಗಳಿಗೆ ಸುತ್ತಿರುವ, ಉಸಿರಿಗೆ ಅಪಾಯಕಾರಿಯಾದ ನಾರಿನಂಥ ಆಸ್ಬೆಸ್ಟಾಸನ್ನು ಧೂಳೇಳದಂತೆ ಒದ್ದೆ ಮಾಡಿ ತರಬೇತಾದವರಿಂದಲೇ ತೆಗೆಸಿ, ಮುಚ್ಚಿದ ಕೋಣೆಗಳಲ್ಲಿ ಹೊತ್ತಿಕೊಳ್ಳುವ ಅನಿಲವಿಲ್ಲವೆಂದೂ ಉಸಿರಾಟಕ್ಕೆ ಸಾಕಷ್ಟು ಆಮ್ಲಜನಕವಿದೆಯೆಂದೂ ಅಳೆದು ಖಚಿತಪಡಿಸಿಕೊಂಡ ಮೇಲಷ್ಟೇ ಗ್ಯಾಸ್ ಕಟರ್ ಹೊತ್ತಿಸಬೇಕು. ಹಳೆಯ ಯುದ್ಧನೌಕೆಗಳ ಕೇಬಲ್ ಮತ್ತು ಬಣ್ಣದಲ್ಲೂ ವಿಷಕಾರಿ ವಸ್ತುಗಳಿರಬಹುದೆಂಬುದನ್ನು ಮರೆಯಬಾರದು. ಬಳಿಕ ಮುಂಭಾಗದಿಂದ ಆರಂಭಿಸಿ ತುಂಡು ತುಂಡಾಗಿ ಇಳಿಸಿ, ಉಕ್ಕನ್ನು ವಿಂಗಡಿಸಿ, ಅದನ್ನು ಕಾಯಿಸಿ ಸರಳು ಮಾಡುವ ರೋಲಿಂಗ್ ಮಿಲ್ಲುಗಳಿಗೆ ಕಳುಹಿಸಬೇಕು. ಮುಂಬೈಯಲ್ಲಿ ಒಡೆದ ಇನ್ನೊಂದು ವಿಮಾನವಾಹಕ ನೌಕೆ, ಹಳೆಯ ವಿಕ್ರಾಂತ್‌ನ ಉಕ್ಕಿನ ಒಂದು ಪಾಲು ಬಜಾಜ್ ವಿ ಬೈಕುಗಳಿಗೆ ಸೇರಿತು.