ಕಾಫಿಪುಡಿ ಪ್ಯಾಕೆಟ್‌ಗೆ, ಹೋಂಸ್ಟೇ ಬೋರ್ಡ್‌ಗೆ ಹಳೇ ಕಾಲದ ದಪ್ಪ ಫಾಂಟ್ ಹಾಕೋದು ಹೇಗೆ

ಚಿಕ್ಕಮಗಳೂರು ಕಡೆ ಈಗ ಕಾಫಿಪುಡಿ ಮಾರೋಕೆ ಇಳಿಯೋರು, ಹೋಂಸ್ಟೇ ಬೋರ್ಡ್ ಬರೆಸೋರು ಎಲ್ರಿಗೂ ಆ ಹಳೇ ಪೋಸ್ಟರ್ ಥರ ದಪ್ಪ ಅಕ್ಷರಾನೇ ಬೇಕು. 1827ರಲ್ಲಿ ನ್ಯೂಯಾರ್ಕ್‌ನ ಡೇರಿಯಸ್ ವೆಲ್ಸ್ ಮಷಿನ್ನಲ್ಲಿ ಮರದ ಅಚ್ಚು ಕೊರೆಯೋಕೆ ಶುರು ಮಾಡಿದ್ಮೇಲೆ ಹಬ್ಬಿದ ಸ್ಟೈಲ್ ಅದು. ರೈ, ಏಬ್ರಿಲ್ ಫ್ಯಾಟ್‌ಫೇಸ್ ಥರದ ಇಂಗ್ಲಿಷ್ ಫಾಂಟ್ ಗೂಗಲ್ ಫಾಂಟ್ಸಲ್ಲಿ ಫ್ರೀ ಸಿಗತ್ತೆ, ಆದ್ರೆ ಅವುಗಳಲ್ಲಿ ಕನ್ನಡ ಇಲ್ವೇ ಇಲ್ಲ, ನೀವು ಕನ್ನಡ ಟೈಪ್ ಮಾಡಿದ್ರೆ ಸಿಸ್ಟಮ್ ಯಾವ್ದೋ ಸಪ್ಪೆ ಫಾಂಟ್ ತಂದು ಕೂರಿಸತ್ತೆ.

ಅದಕ್ಕೇ ಮೊದ್ಲು ಕನ್ನಡದ್ದು ಆರಿಸ್ಕೊಳ್ಳಿ, ಇಂಗ್ಲಿಷ್ ಆಮೇಲೆ. ಬೋರ್ಡ್ ಆದ್ರಂತೂ 2024ರ ತಿದ್ದುಪಡಿ ಕಾನೂನು ಪ್ರಕಾರ 60% ಕನ್ನಡ ಇರ್ಲೇಬೇಕು, ಅದೂ ಮೇಲ್ಗಡೆ. 'ಬಾಲೂ ತಮ್ಮ' ಅನ್ನೋ ಕನ್ನಡ ಫಾಂಟ್ ದುಂಡು ದುಂಡಾಗಿ ಚೆನ್ನಾಗ್ ತುಂಬ್ಕೊಳತ್ತೆ, ಪಕ್ಕಾ ವಿಂಟೇಜ್ ಅಲ್ಲ, ಆದ್ರೂ ಕಂದು ಬಣ್ಣ ಕೊಟ್ಟು ಸುತ್ತ ಒಂದು ಬಾರ್ಡರ್ ಹಾಕಿದ್ರೆ ಆ ಕಳೆ ಬರತ್ತೆ. 'ಅಕಾಯ ಕನಡಕ' ಅನ್ನೋ ಫಾಂಟಲ್ಲಿ ವೆಯ್ಟ್ (ಅಂದ್ರೆ ಅಕ್ಷರದ ದಪ್ಪ) ಒಂದೇ, ಸ್ವಲ್ಪ ತರ್ಲೆ ಅಕ್ಷರ, ಎಸ್ಟೇಟ್ ಹೆಸರಿಗಿಂತ ಕೆಫೆಗೆ ಸರಿ.

ಸ್ಕ್ರೀನಲ್ಲಿ ದೊಡ್ಡದು ಮಾಡಿ ನೋಡಿ ಖುಷಿ ಪಡ್ಬೇಡಿ. ಪ್ಯಾಕೆಟ್ ಮೇಲೆ ಎಷ್ಟು ಸೈಜ್ ಬರತ್ತೋ ಅಷ್ಟಕ್ಕೇ ಪ್ರಿಂಟ್ ತೆಗೆದು ಒಂದು ಮಾರು ದೂರ ಇಟ್ಟು ನೋಡಿ. 'ಕಾಫಿ' ಅನ್ನೋದ್ರಲ್ಲಿ ಫಕಾರದ ಕೆಳಗಿನ ಸೀಳು ಇದ್ಯಲ್ಲ, ದಪ್ಪ ಫಾಂಟಲ್ಲಿ ಅದು ಮೊದ್ಲೇ ಕಿರಿದು, ಖಾಕಿ ಪೇಪರ್ ಮೇಲೆ ಇಂಕ್ ಹರಡ್ಕೊಂಡ್ರೆ ಮುಚ್ಚೇ ಹೋಗಿ 'ಕಾಪಿ' ಆಗತ್ತೆ (ನಾವು ಬಾಯಲ್ಲಿ ಅನ್ನೋದೂ ಅದನ್ನೇ ಬಿಡಿ). ಧ ಹೋಗಿ ದ ಆಗೋದೂ, ಥದ ಚುಕ್ಕೆ ನುಂಗ್ಹೋಗೋದೂ ಹೀಗೇ. ಸೈಜ್ ಏರಿಸಿ, ಇಲ್ಲಾಂದ್ರೆ ಒಂದು ವೆಯ್ಟ್ ಇಳಿಸಿ.

ಒತ್ತಕ್ಷರ ಇನ್ನೊಂದು ತಲೆನೋವು. 'ಹಾಸನ' ಬರೆಯೋರು ಪುಣ್ಯವಂತರು, ಒತ್ತೇ ಇಲ್ಲ. 'ಚಿಕ್ಕಮಗಳೂರು' ಅಂದ್ರೆ ಕಕಾರದ ಒತ್ತು ಕೆಳಗಿನ ಸಾಲಿಗೆ ಹೋಗಿ ಗುದ್ದತ್ತೆ, ಸಾಲುಗಳ ಗ್ಯಾಪ್ ಧಾರಾಳವಾಗಿ ಬಿಡಿ. ಶ್ಯಾಡೋ ಬೇಕೇಬೇಕು ಅಂದ್ರೆ ತೆಳ್ಳಗೆ, ಒಂದೇ ಕಡೆಗೆ ಹಾಕಿ, ಇಲ್ಲಾಂದ್ರೆ ಒತ್ತು ಯಾವ್ದು ನೆರಳು ಯಾವ್ದು ಗೊತ್ತಾಗಲ್ಲ.

ಈ ಫಾಂಟ್ ಹೆಸರಿಗೆ ಮಾತ್ರ. ತೂಕ, ಬೆಲೆ, ಚಿಕೋರಿ ಎಷ್ಟು, ಫೋನ್ ನಂಬರ್ ಇವೆಲ್ಲ ನೋಟೋ ಸಾನ್ಸ್ ಕನ್ನಡ ಥರ ಸಾದಾ ಫಾಂಟಲ್ಲಿರಲಿ. ಎಲ್ಲಾ ದಪ್ಪ ಮಾಡಿದ್ರೆ ಎಲೆಕ್ಷನ್ ಫ್ಲೆಕ್ಸೇ.

ಡಿಟಿಪಿ ಅಂಗಡಿಗೆ ಕೊಡೋವಾಗ ಬರೀ ಟೈಪ್ ಮಾಡಿದ ಫೈಲ್ ಕೊಡ್ಬೇಡಿ, ಎಷ್ಟೋ ಕಡೆ ಇನ್ನೂ ಹಳೇ ನುಡಿ ಫಾಂಟಲ್ಲೇ ಕೆಲ್ಸ, ಈಗಿನ ಫೋನ್, ಕಂಪ್ಯೂಟರಲ್ಲಿ ಬರೋ ಯೂನಿಕೋಡ್ ಅಕ್ಷರ ಒಡೆದೋಗತ್ತೆ. ಕೋರಲ್‌ಡ್ರಾದಲ್ಲಿ ಅಕ್ಷರ ಸೆಲೆಕ್ಟ್ ಮಾಡಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿ (ಅಕ್ಷರ ಬರೀ ಚಿತ್ರದ ಥರ ಆಗತ್ತೆ, ಅವರ ಹತ್ರ ಆ ಫಾಂಟ್ ಇಲ್ದಿದ್ರೂ ನಡೆಯತ್ತೆ), ಪಿಡಿಎಫ್ ಕೊಡಿ. ಹಾಂ, ಬೇರೆ ಸೈಟಿಂದ ಇಳಿಸಿದ ಫಾಂಟ್ ಆದ್ರೆ ಲೈಸೆನ್ಸ್ ಓದಿ, 'ಪರ್ಸನಲ್ ಯೂಸ್' ಅಂತಿದ್ರೆ ಮಾರೋ ಪ್ಯಾಕೆಟ್ ಮೇಲೆ ಹಾಕೋ ಹಾಗಿಲ್ಲ.