ಸ್ಕ್ರೀನರ್‌ಗೆ ಈ ಒಂದು ಷರತ್ತು ಸೇರಿಸಿ ನೋಡಿ
ಸ್ಕ್ರೀನರ್‌ನಲ್ಲಿ (ಷರತ್ತು ಹಾಕಿ ಷೇರು ಸೋಸುವ ಸಾಧನ) ಷೇರು ಹುಡುಕುವಾಗ ಪಿಇ (ಲಾಭಕ್ಕೆ ಹೋಲಿಸಿದ ಷೇರು ಬೆಲೆ), ಆರ್‌ಒಸಿಇ (ಹಾಕಿದ ಬಂಡವಾಳದ ಮೇಲಿನ ಗಳಿಕೆ) ಜೊತೆ ಇದನ್ನೂ ಹಾಕಿ: 5 ವರ್ಷದ ಒಟ್ಟು ಆಪರೇಟಿಂಗ್ ಕ್ಯಾಶ್ ಫ್ಲೋ (ವ್ಯಾಪಾರದಿಂದ ನಿಜವಾಗಿ ಕೈಗೆ ಬಂದ ನಗದು), ಅದೇ 5 ವರ್ಷದ ನಿವ್ವಳ ಲಾಭದ ಶೇ. 80ಕ್ಕಿಂತ ಜಾಸ್ತಿ ಇರಬೇಕು. ಉದ್ರಿಗೆ ಮಾರಿದ ಮಾಲೂ ಲಾಭದ ಲೆಕ್ಕಕ್ಕೆ ಬಂದುಬಿಡುತ್ತದೆ, ದುಡ್ಡು ಮಾತ್ರ ಇನ್ನೂ ಗಿರಾಕಿ ಹತ್ತಿರವೇ ಇರುತ್ತದೆ. ಲಾಭ 100 ಕೋಟಿ, ಕೈಗೆ ಬಂದದ್ದು 20 ಕೋಟಿ ಅಂದರೆ ಉಳಿದದ್ದೆಲ್ಲಿ ಅಂತ ಕೇಳಬೇಕಲ್ವಾ? ಒಂದೇ ವರ್ಷದ್ದು ನೋಡಬೇಡಿ. ಮಾರ್ಚ್ ಕೊನೆಗೆ ಬಾಕಿ ವಸೂಲಿ ಮಾಡಿ ಆ ವರ್ಷದ ಅಂಕಿಯನ್ನು ಚಂದ ಮಾಡಬಹುದು. ಬ್ಯಾಂಕ್, ಎನ್‌ಬಿಎಫ್‌ಸಿಗಳಿಗೆ (ಬ್ಯಾಂಕ್ ಅಲ್ಲದ ಸಾಲ ಕೊಡುವ ಕಂಪನಿಗಳಿಗೆ) ಈ ಅಳತೆ ಸುಮ್ನೆ ದಂಡ. ಸಾಲ ಕೊಡುವುದೇ ಅವುಗಳ ವ್ಯಾಪಾರ, ಕೊಟ್ಟ ಸಾಲವೆಲ್ಲ ಹೊರಹೋದ ನಗದಾಗಿ ಕಾಣುತ್ತದೆ. ಜೋರಾಗಿ ಬೆಳೆಯುತ್ತಿರುವ ಒಳ್ಳೆ ಕಂಪನಿಯೂ ಗೋದಾಮು ತುಂಬಿಸಲು ದುಡ್ಡು ಹಾಕಿ ಪಟ್ಟಿಯಿಂದ ಬಿದ್ದುಹೋಗಬಹುದು.